ಖಾಕಿ ತೊಟ್ಟವರ ಓದಿಗೆ ಹಣ ಎಲ್ಲಿದೆ?

ಪಿಯುಸಿ ಮುಗಿಸಿ ಸಿವಿಲ್ ಕಾನ್‌ಸ್ಟೆಬಲ್ ಆದವರು, ಎಸ್ಸೆಸ್ಸೆಲ್ಸಿ ಮೇಲೆ ಸಶಸ್ತ್ರ ಮೀಸಲು ಪಡೆಗೆ ಸೇರಿದವರು ಕೆಲಸಕ್ಕೆ ಒಗ್ಗಿಕೊಂಡ ಮೇಲೆ ಡಿಗ್ರಿಯ ಮಾತು ಎತ್ತುವುದು ಠಾಣೆಗಳಲ್ಲಿ ಹೊಸದೇನಲ್ಲ. ಪಿಎಸ್‌ಐ ಹುದ್ದೆಗೆ ಪದವಿ ಬೇಕು. ಆ ನೇಮಕಾತಿಯಲ್ಲಿ ಸೇವಾನಿರತರಿಗೆಂದೇ ಒಂದಷ್ಟು ಹುದ್ದೆಗಳಿರುತ್ತವೆ. ಪಕ್ಕದ ಮೇಜಿನಲ್ಲಿ ಕೂರುವವರು ಬಿ.ಎ. ಮುಗಿಸಿ ಪರೀಕ್ಷೆ ಬರೆಯುತ್ತಿದ್ದರೆ ತಾವೂ ಬರೆಯಬಹುದಿತ್ತಲ್ಲ ಅನ್ನಿಸುತ್ತದೆ. ಆಮೇಲೆ ಮೊಬೈಲಿನಲ್ಲಿ ‘ಪೊಲೀಸರಿಗೆ ಸ್ಕಾಲರ್‌ಶಿಪ್’ ಎಂದು ಹುಡುಕುತ್ತಾರೆ. ಸಿಗುವುದರಲ್ಲಿ ಅರ್ಧ ಅಮೆರಿಕದ್ದು, ಉಳಿದರ್ಧ ಪೊಲೀಸರ ಮಕ್ಕಳಿಗೆ ಸೇರಿದ್ದು.

ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಕೆಲಸದಲ್ಲಿರುವ ಪೊಲೀಸರು ಕಾಲೇಜು ಓದಲು ‘ವಿದ್ಯಾರ್ಥಿ ವೇತನ’ ಎಂಬ ಹೆಸರಿನಲ್ಲಿ ನಮ್ಮಲ್ಲಿ ಸಿಗುವುದು ಬಹಳ ಕಡಿಮೆ. ಆದರೆ ರಜೆಯಲ್ಲಿ ಬರುವ ಸಂಬಳ, ಅಗ್ಗದ ದೂರಶಿಕ್ಷಣ, ಪುಕ್ಕಟೆ ಕೋರ್ಸು, ಓದು ಮುಗಿದ ಮೇಲೆ ಕೈಗೆ ಬರುವ ಪ್ರೋತ್ಸಾಹಧನ ಎಂದೆಲ್ಲ ಬೇರೆ ಬೇರೆ ಹೆಸರಿನಲ್ಲಿ ನೆರವು ಇದೆ. ಪೊಲೀಸರ ಓದಿಗೆ ಅಡ್ಡಿಯಾಗುವುದು ಶುಲ್ಕಕ್ಕಿಂತ ಹೆಚ್ಚಾಗಿ ಸಮಯ. ಹಾಗಾಗಿ ಸಮಯ ಕೊಡಿಸುವ ನಿಯಮವನ್ನೂ ವಿದ್ಯಾರ್ಥಿ ವೇತನ ಎಂದೇ ಲೆಕ್ಕ ಹಿಡಿಯಬೇಕು.

ಅಮೆರಿಕದ ಫಲಿತಾಂಶಗಳೇ ಏಕೆ ಮೇಲೆ ಬರುತ್ತವೆ ಎನ್ನುವುದಕ್ಕೆ ಒಂದು ಹಿನ್ನೆಲೆ ಇದೆ. 1967ರಲ್ಲಿ ಅಲ್ಲಿನ ಅಧ್ಯಕ್ಷರು ನೇಮಿಸಿದ ಆಯೋಗ ಪೊಲೀಸರಿಗೆ ಪದವಿ ಇರಬೇಕು ಎಂಬ ಗುರಿಯನ್ನು ಮುಂದಿಟ್ಟಿತು. ಮರುವರ್ಷದ ಕಾಯಿದೆಯಡಿ ‘ಲೀಪ್’ ಎಂಬ ಯೋಜನೆ ಬಂದು, ಸೇವೆಯಲ್ಲಿದ್ದ ಪೊಲೀಸರ ಕಾಲೇಜು ಶುಲ್ಕಕ್ಕೆ ಕೇಂದ್ರ ಸರ್ಕಾರವೇ ಅನುದಾನ ಕೊಡತೊಡಗಿತು. 1970ರಲ್ಲಿ ಮೆಸಾಚುಸೆಟ್ಸ್ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಕ್ವಿನ್ ಕಾಯಿದೆಯ ಪ್ರಕಾರ ಎರಡು ವರ್ಷದ ಪದವಿ ಇದ್ದವರಿಗೆ ಮೂಲವೇತನದ ಮೇಲೆ ಶೇ 10, ಪೂರ್ಣ ಪದವಿಗೆ ಶೇ 20, ಸ್ನಾತಕೋತ್ತರ ಅಥವಾ ಕಾನೂನು ಪದವಿಗೆ ಶೇ 25 ಹೆಚ್ಚುವರಿ ಸಿಗುತ್ತಿತ್ತು. ಇಂಗ್ಲೆಂಡಿನಲ್ಲಿ 2018ರ ಬಳಿಕ ಕಾನ್‌ಸ್ಟೆಬಲ್‌ಗಳು ಸಂಬಳ ಪಡೆಯುತ್ತಲೇ ಪದವಿ ಮುಗಿಸುವ ದಾರಿ ತೆರೆಯಿತು. ಶುಲ್ಕದ ಹೊರೆ ಅವರ ಮೇಲೆ ಬೀಳುವುದಿಲ್ಲ. ನಮ್ಮಲ್ಲಿ ಇಂಥ ಯೋಜನೆ ಯಾಕಿಲ್ಲ ಎಂದು ಕೇಳುವುದು ನ್ಯಾಯವೇ. ಆದರೆ ಈ ಜುಲೈನಲ್ಲಿ ಪ್ರವೇಶ ಪಡೆಯಬೇಕಾದವರಿಗೆ ಆ ಪ್ರಶ್ನೆಯಿಂದ ಪ್ರಯೋಜನವಿಲ್ಲ.

ಮೊದಲು, ನಿಮಗೆ ಸಲ್ಲದ ಯೋಜನೆಗಳನ್ನು ಪಕ್ಕಕ್ಕಿಡಿ. ಇದರಿಂದ ಸಾಕಷ್ಟು ಓಡಾಟ ಉಳಿಯುತ್ತದೆ. ಪರಿಶಿಷ್ಟ ಜಾತಿ, ಪಂಗಡದ ಮೆಟ್ರಿಕ್ ನಂತರದ ವಿದ್ಯಾರ್ಥಿ ವೇತನಕ್ಕೆ ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ಕಾನ್‌ಸ್ಟೆಬಲ್ ಹುದ್ದೆಯ ಹಿಂದಿನ ವೇತನ ಶ್ರೇಣಿ 23,500 ರೂಪಾಯಿಯಿಂದ ಶುರುವಾಗುತ್ತಿತ್ತು. ಆ ಮೂಲವೇತನವೊಂದೇ ವರ್ಷಕ್ಕೆ 2.82 ಲಕ್ಷ ಆಗುತ್ತಿತ್ತು. ಈಗಿನ ಪರಿಷ್ಕೃತ ಸಂಬಳವಂತೂ ಅದಕ್ಕಿಂತ ಮೇಲೆ. ರಾಜ್ಯದ ವಿದ್ಯಾರ್ಥಿ ವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಕೂತು ಅರ್ಜಿ ತುಂಬುವ ಮುನ್ನ ಈ ಒಂದು ಗುಣಾಕಾರ ಮಾಡಿಕೊಳ್ಳಿ.

ಪ್ರಧಾನ ಮಂತ್ರಿ ವಿದ್ಯಾರ್ಥಿ ವೇತನದ ಬಗ್ಗೆಯೂ ಗೊಂದಲವಿದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಮತ್ತು ಅಸ್ಸಾಂ ರೈಫಲ್ಸ್ ಸಿಬ್ಬಂದಿಯ ಮಕ್ಕಳು ಮತ್ತು ಹುತಾತ್ಮರ ಪತ್ನಿಯರಿಗಾಗಿ ಇರುವ ಯೋಜನೆ ಅದು. 2019ರ ಮೇ 31ರಂದು ಅದರ ಮೊತ್ತವನ್ನು ತಿಂಗಳಿಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000 ರೂಪಾಯಿಗೆ ಏರಿಸಲಾಯಿತು. ಭಯೋತ್ಪಾದಕರ ಅಥವಾ ನಕ್ಸಲರ ದಾಳಿಯಲ್ಲಿ ಮಡಿದ ರಾಜ್ಯ ಪೊಲೀಸರ ಮಕ್ಕಳಿಗೂ ವರ್ಷಕ್ಕೆ 500 ಮಂದಿಯಂತೆ ಅದನ್ನು ವಿಸ್ತರಿಸಿದರು. ಸೇವೆಯಲ್ಲಿರುವವರು ತಮ್ಮ ಓದಿಗೆ ಇದರಡಿ ಅರ್ಜಿ ಹಾಕುವಂತಿಲ್ಲ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಬಾವುಟ ಮಾರಿ ಕೂಡಿಸುವ ಕಲ್ಯಾಣ ನಿಧಿಯಿಂದ ಸಿಗುವ ಶೈಕ್ಷಣಿಕ ನೆರವಿನ ಮುಖವೂ ಮಕ್ಕಳ ಕಡೆಗೇ. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದರೆ ಅದಕ್ಕೆ ಮರೆಯದೆ ಅರ್ಜಿ ಹಾಕಿ.

ಇನ್ನು ನಿಮಗೆ ಸಿಗುವುದರ ವಿಚಾರ. ಎಲ್ಲಕ್ಕಿಂತ ದೊಡ್ಡದು ಅಧ್ಯಯನ ರಜೆ. ಕೇಂದ್ರ ನೌಕರರ 1972ರ ರಜಾ ನಿಯಮಗಳ ಪ್ರಕಾರ, 5 ವರ್ಷ ಸೇವೆ ಮುಗಿಸಿದವರು ಒಂದು ಸಲಕ್ಕೆ ಸಾಮಾನ್ಯವಾಗಿ 12 ತಿಂಗಳು, ಇಡೀ ಸೇವಾವಧಿಯಲ್ಲಿ ಒಟ್ಟು 24 ತಿಂಗಳವರೆಗೆ ಈ ರಜೆ ಪಡೆಯಬಹುದು. ರಜೆಗೆ ಮುನ್ನ ಪಡೆಯುತ್ತಿದ್ದ ವೇತನ ಮತ್ತು ತುಟ್ಟಿಭತ್ಯೆ ಬರುತ್ತಿರುತ್ತವೆ. ಓದುವ ವಿಷಯಕ್ಕೂ ಮಾಡುವ ಕೆಲಸಕ್ಕೂ ನಂಟಿರಬೇಕು. ವಾಪಸಾದ ಮೇಲೆ 3 ವರ್ಷ ಕೆಲಸ ಮಾಡುತ್ತೇನೆ ಎಂದು ಬಾಂಡ್ ಬರೆದುಕೊಡಬೇಕು; ನಡುವೆ ರಾಜೀನಾಮೆ ಕೊಟ್ಟರೆ ಪಡೆದ ರಜಾ ವೇತನವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ನಿವೃತ್ತಿಗೆ ಮೂರೇ ವರ್ಷ ಉಳಿದಿರುವವರಿಗೆ ಇದು ಸಿಗುವುದಿಲ್ಲ. ಒಂದು ವರ್ಷದ ಸಂಬಳ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಅಷ್ಟು ದೊಡ್ಡ ವಿದ್ಯಾರ್ಥಿ ವೇತನವನ್ನು ನಮ್ಮ ಯಾವ ಪ್ರತಿಷ್ಠಾನವೂ ಕೊಡುವುದಿಲ್ಲ.

ಈ ಅಂಕಿಗಳು ಸಿಆರ್‌ಪಿಎಫ್, ಬಿಎಸ್‌ಎಫ್, ಸಿಐಎಸ್‌ಎಫ್ ಮುಂತಾದ ಕಡೆ ಇರುವ ಕನ್ನಡಿಗರಿಗೆ ಉಪಯೋಗ. ರಾಜ್ಯ ಪೊಲೀಸರಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳು, ಅಂದರೆ ಕೆಸಿಎಸ್‌ಆರ್, ಅನ್ವಯಿಸುತ್ತವೆ. ಅದರಲ್ಲೂ ಅಧ್ಯಯನ ರಜೆ ಇದೆ, ಆದರೆ ಷರತ್ತುಗಳು ಅದರವೇ. ದೆಹಲಿಯ ಸುತ್ತೋಲೆಯ ಪ್ರತಿ ಹಿಡಿದು ಎಸ್‌ಪಿ ಕಚೇರಿಗೆ ಹೋದರೆ ಕೆಲಸ ಕೆಡುತ್ತದೆ. ಆಡಳಿತ ಶಾಖೆಯ ಗುಮಾಸ್ತರ ಬಳಿ ಕೆಸಿಎಸ್‌ಆರ್ ಪುಸ್ತಕ ಇದ್ದೇ ಇರುತ್ತದೆ. ಅಧ್ಯಯನ ರಜೆಯ ಪುಟಗಳ ನಕಲು ಮಾಡಿಸಿಕೊಂಡು ಎರಡು ಸಲ ಓದಿ, ನಿಮ್ಮ ಅರ್ಜಿಯಲ್ಲಿ ಆ ನಿಯಮದ ಸಂಖ್ಯೆಯನ್ನೇ ಉಲ್ಲೇಖಿಸಿ. ನಿಯಮದ ಸಂಖ್ಯೆ ಇಲ್ಲದ ಅರ್ಜಿ ‘ಪರಿಶೀಲಿಸಿ’ ಎಂಬ ಷರಾ ಹೊತ್ತು ಮೇಜಿನಿಂದ ಮೇಜಿಗೆ ತಿರುಗುತ್ತಿರುತ್ತದೆ.

ಆದರೆ ಸಿಬ್ಬಂದಿ ಕೊರತೆ ಇರುವ ಠಾಣೆಯಿಂದ ಒಬ್ಬ ಕಾನ್‌ಸ್ಟೆಬಲ್‌ಗೆ ವರ್ಷಪೂರ್ತಿ ರಜೆ ಮಂಜೂರಾಗುವುದು ಅಷ್ಟು ಸುಲಭವಲ್ಲ. ರಜೆ ಹಕ್ಕಲ್ಲ ಎಂಬ ಸಾಲು ಎಲ್ಲ ರಜಾ ನಿಯಮಗಳಲ್ಲೂ ಇದೆ. ಆದ್ದರಿಂದ ಹೆಚ್ಚಿನವರಿಗೆ ಉಳಿಯುವ ದಾರಿ ದೂರಶಿಕ್ಷಣ.

ನಮ್ಮ ರಾಜ್ಯದಲ್ಲಿ ಅದಕ್ಕೆ ಎರಡು ಮುಖ್ಯ ಬಾಗಿಲು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಒಂದು, 1985ರಲ್ಲಿ ಸಂಸತ್ತಿನ ಕಾಯಿದೆಯಿಂದ ಹುಟ್ಟಿದ ಇಗ್ನೋ ಇನ್ನೊಂದು. ಇಗ್ನೋಗೆ ಬೆಂಗಳೂರು ಮತ್ತು ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಕನ್ನಡ ಮಾಧ್ಯಮದಲ್ಲೇ ಬರೆಯಬೇಕೆನ್ನುವವರಿಗೆ ಮೈಸೂರಿನದೇ ಸರಿ. ಇಗ್ನೋ ಪಠ್ಯ ಬಹುಪಾಲು ಇಂಗ್ಲಿಷ್, ಹಿಂದಿಯಲ್ಲಿ. ಮುಕ್ತ ವಿ.ವಿ. ಪ್ರತಿ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಕೆಲವು ವರ್ಗಗಳಿಗೆ ಶುಲ್ಕ ರಿಯಾಯಿತಿ ಘೋಷಿಸುತ್ತದೆ. ಮಾಜಿ ಸೈನಿಕರಾಗಿದ್ದು ಪೊಲೀಸ್ ಇಲಾಖೆಗೆ ಬಂದವರು ಆ ಪಟ್ಟಿಯನ್ನು ಕಣ್ಣಿಟ್ಟು ಓದಬೇಕು.

ಪೊಲೀಸರ ಪಾಲಿಗೆ ಇಗ್ನೋದ ಒಂದು ಗುಣ ದೊಡ್ಡದು. ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೆ, ಎರಡು ವರ್ಷದ ಸ್ನಾತಕೋತ್ತರವನ್ನು ನಾಲ್ಕು ವರ್ಷದವರೆಗೆ ಎಳೆದುಕೊಂಡು ಹೋಗಬಹುದು. ಒಂದು ಚುನಾವಣೆ, ಒಂದು ಗಲಭೆ, ಒಂದು ಕೊಲೆ ಪ್ರಕರಣದ ತನಿಖೆ ಇಡೀ ಸೆಮಿಸ್ಟರನ್ನು ನುಂಗುವ ಕೆಲಸದಲ್ಲಿ ಈ ಸಡಿಲು ಬಹಳ ಮುಖ್ಯ.

ಮಾನ್ಯತೆಯ ವಿಚಾರದಲ್ಲಿ ಮಾತ್ರ ಯಾರ ಬಾಯಿಮಾತನ್ನೂ ನಂಬಬಾರದು. ರಾಜ್ಯ ಸರ್ಕಾರದ್ದೇ ಆದ ಮುಕ್ತ ವಿ.ವಿ.ಯ ಕತೆ ಎಲ್ಲರಿಗೂ ನೆನಪಿದೆ: ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ್ದಕ್ಕೆ 2013–14ನೇ ಸಾಲಿನಿಂದ ಯುಜಿಸಿ ಮಾನ್ಯತೆ ಹೋಗಿ, ಮತ್ತೆ ಸಿಕ್ಕಿದ್ದು 2018–19ರಲ್ಲಿ. ನಡುವೆ ಪ್ರವೇಶ ಪಡೆದವರು ತಮ್ಮ ಅಂಕಪಟ್ಟಿ ಹಿಡಿದು ಅಲೆದಿದ್ದಾರೆ. ಈಗ ಎಲ್ಲ ಸರಿಹೋಗಿದೆ. ಆದರೂ ಪ್ರವೇಶಕ್ಕೆ ಮುನ್ನ ಯುಜಿಸಿಯ ದೂರಶಿಕ್ಷಣ ಮಂಡಳಿಯ ಜಾಲತಾಣದಲ್ಲಿ, ಆ ವಿಶ್ವವಿದ್ಯಾಲಯದ ಆ ಕೋರ್ಸು ಆ ವರ್ಷಕ್ಕೆ ಪಟ್ಟಿಯಲ್ಲಿದೆಯೇ ಎಂದು ನೋಡಿ, ಪುಟವನ್ನು ಮುದ್ರಿಸಿ ಕಡತಕ್ಕೆ ಸೇರಿಸಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದು ಕೋರ್ಸಿಗೆ ಇಲ್ಲದಿರುವುದೂ ಉಂಟು. 2024ರಿಂದ ದೂರಶಿಕ್ಷಣಕ್ಕೆ ಸೇರುವವರು ಯುಜಿಸಿಯ ‘ಡಿಇಬಿ ಐಡಿ’ ಮಾಡಿಸಿಕೊಳ್ಳಬೇಕು. ಅದು ಪುಕ್ಕಟೆ, ಹತ್ತು ನಿಮಿಷದ ಕೆಲಸ. ಮಾನ್ಯತೆ ಇಲ್ಲದ ಕೋರ್ಸುಗಳು ಇದರಿಂದಲೇ ಅರ್ಧ ಸೋಸಿಹೋಗುತ್ತವೆ. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ಸಾಮಾನ್ಯ ಕಾಲೇಜಿನ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ‘ದೂರದ ಡಿಗ್ರಿ ಲೆಕ್ಕಕ್ಕಿಲ್ಲ’ ಎನ್ನುವ ಸಹೋದ್ಯೋಗಿಗೆ ಅದನ್ನು ತೋರಿಸಬಹುದು.

ಎಲ್‌ಎಲ್‌ಬಿ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಪೊಲೀಸರಿಗೆ ಅತಿ ಆಸೆಯ ಕೋರ್ಸು ಇದೇ. ಚಾರ್ಜ್‌ಶೀಟು ಬರೆಯುವ ಕೈಗೆ ಕಾನೂನು ಪದವಿ ಇದ್ದರೆ ಒಳ್ಳೆಯದೆನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಭಾರತೀಯ ವಕೀಲರ ಪರಿಷತ್ತು ದೂರಶಿಕ್ಷಣದ ಎಲ್‌ಎಲ್‌ಬಿಯನ್ನು ಒಪ್ಪುವುದಿಲ್ಲ. ಅದರ 2008ರ ನಿಯಮಗಳ ಪ್ರಕಾರ ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು, ಹಾಜರಿಗೆ ಶೇ 70 ಎಂಬ ಗೆರೆ ಹಾಕಿದೆ. 2024ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ, ವಿದ್ಯಾರ್ಥಿ ಕೆಲಸದಲ್ಲಿದ್ದರೆ ಅದನ್ನು ಘೋಷಿಸಿ ಉದ್ಯೋಗದಾತರ ನಿರಾಕ್ಷೇಪಣಾ ಪತ್ರ ತರಬೇಕೆಂದೂ ಬಯೊಮೆಟ್ರಿಕ್ ಹಾಜರಿ ಇರಬೇಕೆಂದೂ ಪರಿಷತ್ತು ಹೇಳಿತು.

ಹಾಗಿದ್ದರೂ ‘ಬರದಿದ್ದರೂ ನಡೆಯುತ್ತೆ, ಹಾಜರಿ ನಾವು ನೋಡ್ಕೋತೀವಿ’ ಎನ್ನುವ ಕಾಲೇಜುಗಳಿಗೆ ಕೊರತೆಯಿಲ್ಲ. ಬೇರೆ ನೌಕರರು ಈ ಆಮಿಷಕ್ಕೆ ಬಿದ್ದರೆ ಅವರಿಗೆ ತೊಂದರೆ, ಪೊಲೀಸರು ಬಿದ್ದರೆ ಇನ್ನೂ ದೊಡ್ಡ ತೊಂದರೆ. ಬೆಳಿಗ್ಗೆ 11ಕ್ಕೆ ನೀವು ಬೀಟಿನಲ್ಲಿದ್ದಿರಿ ಎಂದು ಠಾಣಾ ದಿನಚರಿ ಹೇಳುತ್ತದೆ, ಅದೇ 11ಕ್ಕೆ ನೀವು ಸಾಕ್ಷ್ಯ ಕಾಯಿದೆಯ ತರಗತಿಯಲ್ಲಿದ್ದಿರಿ ಎಂದು ಕಾಲೇಜಿನ ಹಾಜರಿ ಪುಸ್ತಕ ಹೇಳುತ್ತದೆ. ಎರಡರಲ್ಲಿ ಒಂದು ಸುಳ್ಳು, ಎರಡಕ್ಕೂ ನಿಮ್ಮದೇ ಸಹಿ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಎರಡನ್ನೂ ಪಕ್ಕಪಕ್ಕ ಇಡಲು ಯಾರೋ ಒಬ್ಬ ಅಸಮಾಧಾನಿ ಸಾಕು. ಎಲ್‌ಎಲ್‌ಬಿ ಬೇಕೇ ಬೇಕೆಂದರೆ ಅಧ್ಯಯನ ರಜೆಗೆ ಹೋರಾಡಿ ಪಡೆಯಿರಿ, ಇಲ್ಲವಾದರೆ ಗಳಿಕೆ ರಜೆ ಮತ್ತು ಪಾಳಿಯ ಲೆಕ್ಕ ನಿಜವಾಗಿ ಹೊಂದುವ ಕಡೆ ಮಾತ್ರ ಸೇರಿ.

ವಕೀಲಿಕೆಯ ಆಸೆ ಇಲ್ಲದೆ ಕಾನೂನು ಜ್ಞಾನವಷ್ಟೇ ಸಾಕೆನ್ನುವವರಿಗೆ ಬೇರೆ ದಾರಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ‘ಪೇಸ್’ ವಿಭಾಗ ಸೈಬರ್ ಕಾನೂನು ಮತ್ತು ಸೈಬರ್ ಫೊರೆನ್ಸಿಕ್ಸ್, ಮಾನವ ಹಕ್ಕು ಮುಂತಾದ ವಿಷಯಗಳಲ್ಲಿ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಇಗ್ನೋದಲ್ಲಿ ಕ್ರಿಮಿನಲ್ ನ್ಯಾಯದ ಸ್ನಾತಕೋತ್ತರ ಡಿಪ್ಲೊಮಾ, ಸೈಬರ್ ಕಾನೂನಿನ ಸರ್ಟಿಫಿಕೇಟ್ ಇವೆ. ಒಂದು ಬೆಳಗಾವಿ–ಬೆಂಗಳೂರು ಬಸ್ಸಿನ ಪ್ರಯಾಣದಲ್ಲಿ ಒಂದು ಘಟಕ ಓದಿ ಮುಗಿಸಬಹುದಾದ ಕೋರ್ಸುಗಳಿವು.

ಪುಕ್ಕಟೆ ಓದಿನ ಸಾಲಿನಲ್ಲಿ ಮೊದಲು ಬರಬೇಕಾದದ್ದು ‘ಸೈಟ್ರೈನ್’. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ ಪೊಲೀಸರು ಮತ್ತು ನ್ಯಾಯಾಂಗದವರಿಗೆಂದೇ ಕಟ್ಟಿದ ಆನ್‌ಲೈನ್ ತರಬೇತಿ ಇದು, ಪ್ರಮಾಣಪತ್ರವೂ ಸಿಗುತ್ತದೆ. 2017ರಲ್ಲಿ ಶುರುವಾದ ‘ಸ್ವಯಂ’ ಎಲ್ಲರಿಗೂ ತೆರೆದದ್ದು. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಪದವಿ ಓದುತ್ತಿರುವವರು ವಿಶ್ವವಿದ್ಯಾಲಯ ಒಪ್ಪಿದರೆ ಕ್ರೆಡಿಟ್‌ಗಳಲ್ಲಿ ಶೇ 40ರವರೆಗೆ ‘ಸ್ವಯಂ’ ಮೂಲಕವೇ ಗಳಿಸಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೇಳುತ್ತದೆ. ಆದ್ದರಿಂದ ಮುಂದಿನ ವರ್ಷಗಳಲ್ಲಿ ಠಾಣೆಯಲ್ಲಿ ಬೆಲೆ ಬರುವ ಓದು ಯಾವುದೆಂದು ಊಹಿಸುವುದು ಕಷ್ಟವಲ್ಲ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲಿದೆ, ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಶಿವಮೊಗ್ಗದಲ್ಲಿದೆ. ಮಲೆನಾಡು, ಉತ್ತರ ಕರ್ನಾಟಕದವರು ಇವುಗಳ ಮುಖ್ಯ ಕ್ಯಾಂಪಸ್ ಇರುವ ಗುಜರಾತಿಗೆ ಹೋಗುವ ಯೋಚನೆಗಿಂತ ಮೊದಲು ಇವುಗಳ ಅಲ್ಪಾವಧಿ ಕೋರ್ಸುಗಳನ್ನು ವಿಚಾರಿಸಲಿ.

ಓದು ಮುಗಿದ ಮೇಲೆ ಬರುವ ಹಣವೊಂದಿದೆ, ಅದು ಬಹಳ ಜನಕ್ಕೆ ಗೊತ್ತೇ ಇಲ್ಲ. ಕೇಂದ್ರದ ಸಿಬ್ಬಂದಿ ಇಲಾಖೆಯ 2019ರ ಮಾರ್ಚ್ ಆದೇಶದಂತೆ, ಸೇವೆಗೆ ಸೇರಿದ ಮೇಲೆ ಹೆಚ್ಚಿನ ವಿದ್ಯಾರ್ಹತೆ ಗಳಿಸಿದ ನೌಕರರಿಗೆ ಒಂದೇ ಗಂಟಿನಲ್ಲಿ ಪ್ರೋತ್ಸಾಹಧನ ಸಿಗುತ್ತದೆ. ಮೂರು ವರ್ಷದವರೆಗಿನ ಪದವಿ ಅಥವಾ ಡಿಪ್ಲೊಮಾಗೆ 10,000, ಅದಕ್ಕಿಂತ ಹೆಚ್ಚು ಅವಧಿಯದಕ್ಕೆ 15,000, ಒಂದು ವರ್ಷದವರೆಗಿನ ಸ್ನಾತಕೋತ್ತರಕ್ಕೆ 20,000, ಅದಕ್ಕಿಂತ ಹೆಚ್ಚಿನದಕ್ಕೆ 25,000, ಪಿಎಚ್‌.ಡಿ.ಗೆ 30,000 ರೂಪಾಯಿ. ಹುದ್ದೆಗೆ ಕಡ್ಡಾಯವಾಗಿರುವ ವಿದ್ಯಾರ್ಹತೆಗೆ ಕೊಡುವುದಿಲ್ಲ; ಕೇವಲ ಸಾಹಿತ್ಯಿಕ ವಿಷಯಕ್ಕೂ ಇಲ್ಲ; ಸರ್ಕಾರಿ ಖರ್ಚಿನಲ್ಲಿ ಅಥವಾ ಅಧ್ಯಯನ ರಜೆಯಲ್ಲಿ ಓದಿದ್ದರೂ ಇಲ್ಲ. ಇಡೀ ಸೇವೆಯಲ್ಲಿ ಎರಡು ಸಲ ಮಾತ್ರ. ದೂರಶಿಕ್ಷಣದ ಎರಡು ವರ್ಷದ ಶುಲ್ಕಕ್ಕೆ ಹೋಲಿಸಿದರೆ ಇದು ಕಡಿಮೆ ಮೊತ್ತವೇನಲ್ಲ. ಇದು ಕೇಂದ್ರ ನೌಕರರ ಆದೇಶ ಎಂಬುದನ್ನು ಮತ್ತೆ ನೆನಪಿಡಿ.

ತೆರಿಗೆಯಲ್ಲೊಂದು ಸಣ್ಣ ವಿಷಯ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ತಮ್ಮ ಓದಿಗೆ ಬ್ಯಾಂಕಿನಿಂದ ಪಡೆದ ಶಿಕ್ಷಣ ಸಾಲದ ಬಡ್ಡಿಯನ್ನು 8 ವರ್ಷದವರೆಗೆ ಆದಾಯದಿಂದ ಕಳೆಯಬಹುದು. ಆದರೆ ನಿಮ್ಮ ಸ್ವಂತ ಕಾಲೇಜು ಶುಲ್ಕಕ್ಕೆ ವಿನಾಯಿತಿ ಇಲ್ಲ, ಮಕ್ಕಳದಕ್ಕೆ ಮಾತ್ರ.

ಪಿಎಚ್‌.ಡಿ. ಆಸೆ ಇರುವವರು ಇಲಾಖೆಯಲ್ಲಿ ಕಡಿಮೆಯೇನಿಲ್ಲ. ಯುಜಿಸಿಯ 2022ರ ನಿಯಮಗಳು ಅರೆಕಾಲಿಕ ಪಿಎಚ್‌.ಡಿ.ಗೆ ಅವಕಾಶ ಕೊಟ್ಟಿವೆ. ಅದಕ್ಕೆ ಮೇಲಧಿಕಾರಿಯ ಪತ್ರ ಬೇಕು, ಅದರಲ್ಲಿ ಓದಲು ಅನುಮತಿ ಇದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಎಂದಿರಬೇಕು. ಕಿರಿಯ ಸಂಶೋಧನಾ ವೇತನದ (ಜೆಆರ್‌ಎಫ್) ಹಣ ಪೂರ್ಣಾವಧಿ ಸಂಶೋಧಕರಿಗೆ. ಸಂಬಳ ತೆಗೆದುಕೊಳ್ಳುತ್ತಾ ಅದನ್ನೂ ಪಡೆಯುವಂತಿಲ್ಲ. ಹಿರಿಯ ಅಧಿಕಾರಿಗಳಿಗೆ ದಾರಿ ಅಗಲ. ಐಪಿಎಸ್‌ನವರಿಗೆ ಕೇಂದ್ರದ ಖರ್ಚಿನಲ್ಲೇ ವಿದೇಶಿ ತರಬೇತಿ ಇದೆ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿ ವೇತನಕ್ಕೆ ಪದವಿ ಮತ್ತು 2,800 ಗಂಟೆಯ ಕೆಲಸದ ಅನುಭವ ಇರುವ ಯಾರು ಬೇಕಾದರೂ ಅರ್ಜಿ ಹಾಕಬಹುದು. ಒಂದು ವರ್ಷದ ಸ್ನಾತಕೋತ್ತರದ ಪೂರ್ಣ ಖರ್ಚು ಅವರದು, ಓದು ಮುಗಿಸಿ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬುದು ಷರತ್ತು. ಒಬ್ಬ ಪಿಎಸ್‌ಐ ಇದಕ್ಕೆ ಅರ್ಜಿ ಹಾಕಬಾರದೆಂದು ಎಲ್ಲೂ ಬರೆದಿಲ್ಲ.

ಯಾವ ದಾರಿ ಹಿಡಿದರೂ ಅನುಮತಿ ಪತ್ರವೇ ತಳಹದಿ. ಪ್ರವೇಶ ಪಡೆದು ಆಮೇಲೆ ಹೇಳಿದರಾಯಿತು ಎಂದುಕೊಂಡವರು ಪದವಿಯನ್ನು ಸೇವಾ ವಹಿಯಲ್ಲಿ ನಮೂದಿಸುವಾಗ ಸಿಕ್ಕಿಬೀಳುತ್ತಾರೆ. ಅರ್ಜಿ ಒಂದು ಪುಟ ಮೀರದಿರಲಿ. ಕೋರ್ಸಿನ ಹೆಸರು, ವಿಶ್ವವಿದ್ಯಾಲಯ, ಅವಧಿ, ದೂರಶಿಕ್ಷಣವೋ ತರಗತಿಯೋ, ಪರೀಕ್ಷೆ ಯಾವ ತಿಂಗಳು, ಕರ್ತವ್ಯಕ್ಕೆ ಅಡ್ಡಿಯಾಗುವುದಿಲ್ಲವೆಂಬ ಮಾತು, ಶುಲ್ಕ ಸ್ವಂತದ್ದೆಂಬ ಮಾತು ಅದರಲ್ಲಿರಲಿ. ಠಾಣಾಧಿಕಾರಿಯ ಮೂಲಕವೇ ಹೋಗಲಿ, ಟಪಾಲಿನ ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಇನ್‌ಸ್ಪೆಕ್ಟರ್ ಸಾಹೇಬರು ಬಾಯಲ್ಲಿ ‘ಓದಪ್ಪ, ಒಳ್ಳೇದು’ ಎಂದರೆ ಸಂತೋಷ; ಅವರು ಮೂರು ತಿಂಗಳಲ್ಲಿ ವರ್ಗವಾಗಿ ಹೋಗುತ್ತಾರೆ, ಕಾಗದ ಮಾತ್ರ ಉಳಿಯುತ್ತದೆ. ಜುಲೈ ಪ್ರವೇಶಕ್ಕೆ ಮಾರ್ಚಿನಲ್ಲೇ ಅರ್ಜಿ ಕೊಟ್ಟರೆ ಒಳ್ಳೆಯದು.

‘ಪೊಲೀಸರಿಗೆ ವಿಶೇಷ ಸ್ಕಾಲರ್‌ಶಿಪ್ ಮಂಜೂರಾಗಿದೆ, ನೋಂದಣಿ ಶುಲ್ಕ ಕಟ್ಟಿ’ ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಹಣ ಕಳಿಸಬೇಡಿ. ಸರ್ಕಾರಿ ವಿದ್ಯಾರ್ಥಿ ವೇತನದ ಪೋರ್ಟಲ್‌ಗಳು ಅರ್ಜಿಗೆ ಶುಲ್ಕ ಕೇಳುವುದಿಲ್ಲ. ಕಳಿಸಿಬಿಟ್ಟಿದ್ದರೆ ನಾಚಿಕೆ ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಊರಿಗೆಲ್ಲ ಈ ಸಂಖ್ಯೆ ಹೇಳಿಕೊಡುವವರೇ ತಮಗಾದಾಗ ಮುಚ್ಚಿಡುವುದುಂಟು.

ಇನ್ನು ಪರೀಕ್ಷೆಯ ತಿಂಗಳು. ಇಗ್ನೋದ ಪರೀಕ್ಷೆ ವರ್ಷಕ್ಕೆರಡು ಸಲ, ಜೂನ್ ಮತ್ತು ಡಿಸೆಂಬರ್. ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದರೆ ಎಲ್ಲ ಜಿಲ್ಲೆಗಳಿಂದ ಸಿಬ್ಬಂದಿ ಬಂದೋಬಸ್ತಿಗೆ ಹೋಗಬೇಕು. ಅದು ಮುಗಿಯುವಷ್ಟರಲ್ಲಿ ಬೆಂಗಳೂರಿನವರಿಗೆ ಎಂ.ಜಿ. ರಸ್ತೆಯ ಹೊಸವರ್ಷದ ರಾತ್ರಿ ಬರುತ್ತದೆ. ಹಾಗಾಗಿ ಕಷ್ಟದ ಪತ್ರಿಕೆಗಳನ್ನು ಜೂನ್‌ಗೆ ಇಟ್ಟುಕೊಂಡು, ಡಿಸೆಂಬರಿಗೆ ಒಂದೆರಡು ಹಗುರವಾದುವನ್ನಷ್ಟೇ ನೋಂದಾಯಿಸಿ. ಶುಲ್ಕ ಪತ್ರಿಕೆಗೆ ಇಷ್ಟೆಂದು ಇರುವುದರಿಂದ ಬರೆಯಲಾಗದ ಪತ್ರಿಕೆಗೆ ಕಟ್ಟಿದ ಹಣ ಹೋದಂತೆಯೇ. ಪ್ರವೇಶಪತ್ರ ಬಂದ ದಿನವೇ ಅದರ ಪ್ರತಿ ಲಗತ್ತಿಸಿ ರಜೆಗೆ ಅರ್ಜಿ ಕೊಡಿ. ಬಂದೋಬಸ್ತಿನ ಪಟ್ಟಿ ಸಿದ್ಧಪಡಿಸುವ ರೈಟರ್‌ಗೂ ಒಂದು ಪ್ರತಿ ಕೊಟ್ಟಿರಿ.